ಐವತ್ತು ಪರ್ಸೆಂಟಿನ ಬಾಣಂತನ

ನನಗೆ ಜೀವನದಲ್ಲಿ ಐವತ್ತು ಪರ್ಸೆಂಟ್ ಬಂದದ್ದು ಎರಡೇ ಸಲ. ಮೊದಲನೆಯದು ಪಿಯುಸಿಯಲ್ಲಿ. ಅದಕ್ಕೆ ನಮ್ಮಪ್ಪ ಮೂರು ದಿನ ಮಾತು ಬಿಟ್ಟಿದ್ದರು. ಎರಡನೆಯದು ಕಾರಿನ ವಿಮೆಯಲ್ಲಿ. ಅದಕ್ಕೆ ಪೇಢೆ ಹಂಚಬೇಕು ಅನ್ನಿಸಿತ್ತು, ಆದರೆ ಏನಂತ ಹಂಚುವುದು? ‘ಐದು ವರ್ಷ ಏನೂ ಆಗಲಿಲ್ಲ, ಬಾಯಿ ಸಿಹಿ ಮಾಡಿಕೊಳ್ಳಿ’ ಅಂದಿದ್ದರೆ ಕೊಪ್ಪಳದ ಜನ ಪೇಢೆಯನ್ನೂ ತಿಂದು, ಯಜಮಾನರ ತಲೆ ನೆಟ್ಟಗೈತೇನು ಅಂತ ನನ್ನ ಹೆಂಡತಿಯನ್ನೂ ಕೇಳುತ್ತಿದ್ದರು.

ಏನೂ ಆಗದಿರುವುದಕ್ಕೆ ಕೊಡುವ ಬಹುಮಾನ ಅದು. ನೋ ಕ್ಲೇಮ್ ಬೋನಸ್. ನಮ್ಮ ಏಜೆಂಟರ ಬಾಯಲ್ಲಿ ಎನ್‌ಸಿಬಿ. ಒಂದು ವರ್ಷ ಕಂಪನಿಯ ಹತ್ತಿರ ಕೈ ಚಾಚದೆ ಇದ್ದರೆ 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ಏಣಿ ಮುಗಿಯಿತು. ಆಮೇಲೆ ಐವತ್ತು ವರ್ಷ ಋಷಿಯ ಹಾಗೆ ಗಾಡಿ ಓಡಿಸಿದರೂ ಐವತ್ತೇ. ಹಿಂದಿನ ಕಾಲದಲ್ಲಿ ಈ ಏಣಿಗೆ 65ರ ತನಕ ಮೆಟ್ಟಿಲಿದ್ದವಂತೆ. 2002ರ ಮೋಟಾರ್ ಟಾರಿಫ್ ಬಂದಾಗ ಮೇಲಿನ ಮೆಟ್ಟಿಲು ಕಿತ್ತರು. ಆದರೆ ಆಗಲೇ ಹತ್ತಿ ಕುಳಿತಿದ್ದವರನ್ನು ಕೆಳಗೆ ತಳ್ಳಲಿಲ್ಲ. ಒಂದು ಕ್ಲೇಮ್ ಮಾಡುವ ತನಕ ಅಲ್ಲೇ ಕೂತಿರಿ ಅಂದರು. ಆ 65ರವರು ಯಾರಾದರೂ ಇನ್ನೂ ಬದುಕಿದ್ದರೆ ಒಮ್ಮೆ ಕಾಲು ಮುಟ್ಟಿ ನಮಸ್ಕರಿಸುವ ಆಸೆ ನನಗೆ.

ನನ್ನದು 2011ರ ಸ್ಯಾಂಟ್ರೊ. ಕೆಎ 37. ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷ ಬೇರೆಯವರ ಬಿಲ್ಲಿಗೆ ಆಕ್ಷೇಪಣೆ ಬರೆದವನು, ನನ್ನ ದುಡ್ಡು ಎಲ್ಲಿ ಹೋಗುತ್ತದೆ ಎಂದು ನೋಡದೆ ಇರಲಾರೆ. ಹಾಗಾಗಿ ಈ ಬೋನಸ್ಸಿನ ಒಳಗುಟ್ಟನ್ನೂ ತೆಗೆದು ನೋಡಿದ್ದೇನೆ. ವಿಮೆಯ ಕಂತಿನಲ್ಲಿ ಎರಡು ಪಾಲು. ನಾವು ಇನ್ನೊಬ್ಬರಿಗೆ ಗುದ್ದಿದರೆ ಅವರಿಗೆ ಸಲ್ಲುವ ಥರ್ಡ್ ಪಾರ್ಟಿ ಒಂದು, ನಮ್ಮದೇ ಗಾಡಿಯ ರಿಪೇರಿಯದು ಇನ್ನೊಂದು. ರಿಯಾಯಿತಿ ಎರಡನೆಯದಕ್ಕೆ ಮಾತ್ರ. 2024ರಲ್ಲಿ ನನ್ನ ಗಾತ್ರದ ಎಂಜಿನ್ನಿಗೆ ಥರ್ಡ್ ಪಾರ್ಟಿ 3,416 ರೂಪಾಯಿ ಇತ್ತು. ನೀವು ಸಂತರೇ ಆಗಿರಿ, ಸೈತಾನರೇ ಆಗಿರಿ, ಅದರಲ್ಲಿ ಒಂದು ಪೈಸೆ ಇಳಿಯುವುದಿಲ್ಲ. ಗಾಡಿಯ ಪಾಲು ಸುಮಾರು 3,200. ಅದರಲ್ಲಿ ಅರ್ಧ, ಅಂದರೆ 1,600 ರೂಪಾಯಿ ನನ್ನ ವರ್ಷದ ತಪಸ್ಸಿನ ಫಲ. ಮೇಲೆ ಜಿಎಸ್‌ಟಿ ಅದು ಇದು ಸೇರಿ ಒಟ್ಟು ಆರು ಸಾವಿರದ ಆಸುಪಾಸು ಕಟ್ಟುತ್ತೇನೆ.

ಇನ್ನೊಂದು ಚಂದದ ಲೆಕ್ಕವಿದೆ. ವಿಮೆಯವರು ಗಾಡಿಗೆ ಕಟ್ಟುವ ಬೆಲೆ ವರ್ಷ ವರ್ಷ ಇಳಿಯುತ್ತದೆ. ಎರಡು ವರ್ಷದ ತನಕ 20 ಪರ್ಸೆಂಟ್ ಕಡಿತ, ಮೂರರ ತನಕ 30, ನಾಲ್ಕರ ತನಕ 40, ಐದರ ತನಕ 50. ಗಾಡಿ ಅರ್ಧ ಬೆಲೆಗೆ ಇಳಿದು ಮುಗಿಯುವ ಹೊತ್ತಿಗೆ ಯಜಮಾನ ಅರ್ಧ ರಿಯಾಯಿತಿಗೆ ಏರಿರುತ್ತಾನೆ. ಗಂಡ ಹೆಂಡತಿ ತಕ್ಕಡಿಯಲ್ಲಿ ಕೂತ ಹಾಗೆ. ನನ್ನ ಮತ್ತು ಸ್ಯಾಂಟ್ರೊದ ತಕ್ಕಡಿ 2016ರಿಂದ ಅಲುಗಾಡಿಲ್ಲ.

ಅಲುಗಾಡಿಲ್ಲ ಅಂದರೆ ಗುದ್ದಿಲ್ಲ ಅಂತಲ್ಲ. ಕೇಳಿಲ್ಲ ಅಂತ. ಇವೆರಡರ ನಡುವಿನ ವ್ಯತ್ಯಾಸವೇ ಈ ಬೋನಸ್ಸಿನ ಜೀವಾಳ.

ಕೊಪ್ಪಳ ಜಿಲ್ಲೆಯಲ್ಲಿ ಕಾರಿಗೆ ಏನೂ ಆಗದಂತೆ ಓಡಿಸಬೇಕೆಂದರೆ ಅದನ್ನು ಮನೆಯಲ್ಲಿ ನಿಲ್ಲಿಸಬೇಕು. ನಮ್ಮಲ್ಲಿ ನೀರಾವರಿ, ಖುಷ್ಕಿ ಎರಡೂ ಇವೆ, ಗಾಡಿಗೆ ಗಾಯವಾಗುವ ರೀತಿಯೂ ಎರಡು. ಗಂಗಾವತಿ, ಕಾರಟಗಿ ಕಡೆ ಭತ್ತದ ಸುಗ್ಗಿಯಲ್ಲಿ ಕೊಯ್ಲಿನ ಯಂತ್ರಗಳು ರಸ್ತೆಗೆ ರಸ್ತೆಯನ್ನೇ ತುಂಬಿಕೊಂಡು ಆನೆಯಂತೆ ಬರುತ್ತವೆ. ಅದರ ಹಿಂದೆ ಎರಡು ಟ್ರೈಲರು ಕಟ್ಟಿದ ಟ್ರ್ಯಾಕ್ಟರು. ಅದಕ್ಕೆ ಹಿಂದಿನ ದೀಪ ಇರುವುದಿಲ್ಲ. ದೀಪದ ಬದಲು ಯಾರೋ ಪ್ರೇಮಿಯ ಹೆಸರು ಬರೆದಿರುತ್ತದೆ. ನನ್ನ ಎಡಗಡೆಯ ಹೆಡ್‌ಲೈಟು ಹೋದದ್ದು ಆ ಹೆಸರನ್ನು ಓದಲು ಹೋಗಿ.

ಯಲಬುರ್ಗಾ, ಕುಷ್ಟಗಿಯ ಕಡೆ ಬೇರೆ ಥರ. ಅಲ್ಲಿ ಟಾರು ರಸ್ತೆ ಅಂದರೆ ಸರಕಾರ ಪುಕ್ಕಟೆ ಹಾಕಿಸಿಕೊಟ್ಟ ಕಣ. ಹುರುಳಿ, ಹೆಸರು, ಸಜ್ಜೆ, ತೊಗರಿ, ಕಾಲಕ್ಕೆ ತಕ್ಕಂತೆ ಒಂದೊಂದನ್ನು ರಸ್ತೆಯ ತುಂಬ ಹರಡುತ್ತಾರೆ. ಒಕ್ಕಲು ಮಾಡುವುದು ನಮ್ಮ ನಿಮ್ಮ ಚಕ್ರ. ಹೋಗುವಾಗ ಒಕ್ಕುತ್ತೇವೆ, ಬರುವಾಗ ಒಕ್ಕುತ್ತೇವೆ, ಕೂಲಿ ಇಲ್ಲ. ಹುರುಳಿ ಬಳ್ಳಿ ಆಕ್ಸಲ್ಲಿಗೆ ಸುತ್ತಿಕೊಂಡರೆ ಇಳಿದು ಕುಡುಗೋಲು ಕೇಳಿ ಪಡೆದು ಕೊಯ್ದುಕೊಳ್ಳಬೇಕು. ಸೈಲೆನ್ಸರಿನ ಕಾವಿಗೆ ಬಳ್ಳಿ ಹೊತ್ತಿಕೊಂಡದ್ದೂ ಉಂಟು. ಇಷ್ಟಾದರೂ ರೈತರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮಳೆ ಕೈಕೊಡದೆ ಒಂದು ಬೆಳೆ ಕೈಗೆ ಹತ್ತುವುದೇ ಅಲ್ಲಿ ಹಬ್ಬ. ನನ್ನ ತಕರಾರು ಕಲ್ಲಿನ ಬಗ್ಗೆ ಮಾತ್ರ. ರಾಶಿಯ ಸುತ್ತ ಕಾವಲಿಗೆ ಇಡುವ ಕಲ್ಲುಗಳನ್ನು, ರಾಶಿ ಮನೆ ಸೇರಿದ ಮೇಲೆ ಎತ್ತುವ ಪದ್ಧತಿ ಇಲ್ಲ. ಬೀಗರನ್ನು ಇಟಗಿಯ ಮಹಾದೇವ ದೇವಸ್ಥಾನ ತೋರಿಸಲು ಕರಕೊಂಡು ಹೋಗಿದ್ದೆ. 1112ರಲ್ಲಿ ಕಟ್ಟಿದ್ದು, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದದ್ದು. ಒಂಬೈನೂರು ವರ್ಷ ನಿಂತ ಕಲ್ಲುಗಳನ್ನು ಬೀಗರಿಗೆ ಹೊಗಳಿ ಹೊಗಳಿ ತಿರುಗಿ ಬರುವಾಗ ದಾರಿಯಲ್ಲಿ ಒಂದೇ ಒಂದು ಕಲ್ಲು ನನ್ನ ಮುಂದಿನ ಬಂಪರನ್ನು ಸೀಳಿತು. ‘ಇನ್ಶೂರೆನ್ಸ್ ಐತಲ್ರೀ’ ಅಂದರು ಬೀಗರು. ಐತಿ. ಅದನ್ನು ಉಳಿಸಿಕೊಳ್ಳಲಿಕ್ಕೇ ಅದನ್ನು ಮುಟ್ಟುವುದಿಲ್ಲ ಅಂತ ಬೀಗರಿಗೆ ಹೇಗೆ ಹೇಳುವುದು?

ಮುಟ್ಟದಿರುವುದಕ್ಕೂ ಕಾರಣವಿದೆ. ಒಂದು ಸಲ ಕ್ಲೇಮ್ ಮಾಡಿದರೆ ಏಣಿಯ ಬುಡಕ್ಕೆ. ಮುಂದಿನ ವರ್ಷ ಸೊನ್ನೆ, ಆಮೇಲೆ 20, 25, 35, 45. ಐದು ವರ್ಷದಲ್ಲಿ ನನಗೆ ಸಿಗಬೇಕಾದದ್ದು 8,000 ರೂಪಾಯಿ, ಬುಡದಿಂದ ಹತ್ತಿದರೆ ಸಿಗುವುದು 4,000. ಕೂಡಿ ನೋಡಿ, ಸರಿಯಾಗಿ ಅರ್ಧಕ್ಕರ್ಧ. ಅದರ ಮೇಲೆ ಪ್ರತಿ ಕ್ಲೇಮಿನಲ್ಲೂ ಮೊದಲ ಒಂದು ಸಾವಿರ ಹೇಗೂ ನಮ್ಮ ತಲೆಗೇ. ಹಾಗಾಗಿ ಐದು ಸಾವಿರದ ಒಳಗಿನ ಗಾಯವನ್ನು ಗಾಯ ಅನ್ನಬಾರದು ಎಂಬ ತೀರ್ಮಾನಕ್ಕೆ ಬಂದೆ. ಬಂಪರಿಗೆ ಓಣಿಯ ವೆಲ್ಡಿಂಗ್ ಹುಡುಗ ತಂತಿ ಹೊಲಿದು ಕೊಟ್ಟ. ಇನ್ನೂರು ರೂಪಾಯಿ.

ಹೀಗೆ ಕೂಡಿಟ್ಟ ಗಾಯಗಳು ಎಂಟು. ಗವಿಮಠದ ಜಾತ್ರೆಯಲ್ಲಿ ಚಕ್ಕಡಿಯ ನೊಗ ಎಳೆದ ಗೀರು, ಕುಷ್ಟಗಿಯಲ್ಲಿ ದಾಳಿಂಬೆ ಹೇರಿದ ಟಂಟಂ ಉಜ್ಜಿದ್ದು, ಕಿನ್ನಾಳದಲ್ಲಿ ಮೊಮ್ಮಕ್ಕಳಿಗೆಂದು (ಆಗಿನ್ನೂ ಹುಟ್ಟಿರಲಿಲ್ಲ, ಮುಂಗಡ ಖರೀದಿ) ಬಣ್ಣದ ಗೊಂಬೆ ಕೊಂಡು ಹಿಂದೆ ತೆಗೆಯುವಾಗ ಹುಣಸೆ ಮರಕ್ಕೆ ತಾಗಿಸಿದ್ದು, ನಮ್ಮದೇ ಮನೆಯ ಗೇಟಿಗೆ ತಾಗಿಸಿದ್ದು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಹನುಮಪ್ಪನಿಗೆ ಕೈ ಮುಗಿದು ಇಳಿದು ಬರುವಷ್ಟರಲ್ಲಿ ಅವನ ಕಡೆಯವರು ಕಾರಿನ ಮೇಲೆ ಸಭೆ ಸೇರಿ ಛಾವಣಿಯನ್ನು ತಗ್ಗಿಸಿದ್ದರು. ಕ್ಲೇಮ್ ಅರ್ಜಿಯಲ್ಲಿ ‘ಅಪಘಾತಕ್ಕೆ ಕಾರಣ’ ಅನ್ನುವ ಕಡೆ ಏನು ಬರೆಯುವುದು? ಎಂಟನೆಯದು ಹಿಂದಿನ ದೀಪದ ಮಗ್ಗುಲಿನದು. ನಮ್ಮ ಅಕ್ಕನ ಮಗ ಏಳನೆಯ ಇಯತ್ತೆಯಲ್ಲಿದ್ದಾಗ ಹೊಡೆದ ಸಿಕ್ಸರ್.

ಇಷ್ಟು ಜೋಪಾನ ಮಾಡಿದ ಬೋನಸ್ಸಿಗೆ ಕಂಟಕ ಬಂದದ್ದು ಎಲ್ಲಿಂದ? ಬಾಣಂತನದಿಂದ.

ಮಗಳು ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. 2024ರ ಜುಲೈಗೆ ಹೆರಿಗೆ. ಜೂನ್ ನಡುವಿಗೆ ಹೊರಟು, ವೀಸಾದವರು ಕೊಟ್ಟ ಆರು ತಿಂಗಳನ್ನು ಪೂರ್ತಿ ಬಳಸಿಕೊಂಡು ಡಿಸೆಂಬರಿಗೆ ಬರುವುದೆಂದಾಯಿತು. ಹೆಂಡತಿ ಅಂಟಿನುಂಡಿ, ಒಣ ಕೊಬ್ಬರಿ, ಬಾಣಂತಿ ಖಾರ ಕಟ್ಟುವುದರಲ್ಲಿ ಮುಳುಗಿದಳು. ನಾನು ಪಾಲಿಸಿ ತೆಗೆದು ನೋಡಿದೆ. ಜುಲೈ 18ರ ಮಧ್ಯರಾತ್ರಿಗೆ ಮುಗಿಯುತ್ತಿತ್ತು.

‘ನಿಂತ ಗಾಡಿಗ್ಯಾಕ್ರೀ ರೊಕ್ಕ ಕಟ್ಟೋದು? ಬಂದ ಮ್ಯಾಲ ಕಟ್ಟಿದ್ರಾತು’ ಅಂದಳು ಹೆಂಡತಿ. ಮಾತಿನಲ್ಲಿ ತಪ್ಪಿರಲಿಲ್ಲ. ಮೋಟಾರು ಕಾಯಿದೆಯ 146ನೇ ಕಲಮು ವಿಮೆ ಬೇಕು ಅನ್ನುವುದು ಸಾರ್ವಜನಿಕ ಜಾಗದಲ್ಲಿ ಓಡಿಸುವುದಕ್ಕೆ. ಇಲ್ಲದೆ ಓಡಿಸಿ ಸಿಕ್ಕರೆ ಮೊದಲ ಸಲಕ್ಕೆ ಎರಡು ಸಾವಿರ ದಂಡ. ನಮ್ಮ ಕಂಪೌಂಡಿನ ಬೇವಿನ ಗಿಡದ ಕೆಳಗೆ ಬಟ್ಟೆ ಹೊದ್ದು ಮಲಗಿದ ಕಾರಿಗೆ ಯಾವ ದಂಡ? ಆದರೂ ಖಜಾನೆಯ ರಕ್ತ. ಏಜೆಂಟರನ್ನು ಒಂದು ಮಾತು ಕೇಳೋಣವೆಂದು ಜವಾಹರ ರಸ್ತೆಯ ಕಡೆ ಹೋದೆ. ಅವರು ಮಿರ್ಚಿ ಬಜ್ಜಿ ತರಿಸಿದರು. ನಮ್ಮೂರಿನಲ್ಲಿ ಕೆಟ್ಟ ಸುದ್ದಿಯನ್ನು ಬಜ್ಜಿಯ ಜೊತೆಗೇ ಕೊಡುತ್ತಾರೆ.

‘ಸರ, 90 ದಿನ. ಪಾಲಿಸಿ ಮುಗದು 90 ದಿನದಾಗ ಕಟ್ಟಿದ್ರ ನಿಮ್ಮ ಫಿಫ್ಟಿ ಉಳಿತೈತಿ. 91ಕ್ಕ ಬಂದ್ರಿ ಅಂದ್ರ ಹೊಸಬ್ರು.’

‘ಎಂಟು ವರ್ಷದ ಐವತ್ತರೀ ಅದು.’

‘ಹದಿನೆಂಟು ವರ್ಷದ್ದಿದ್ರೂ ಅಷ್ಟsರಿ.’

‘ಬ್ಯಾರೆ ಹಾದಿ ಇಲ್ಲೇನು?’

ಅವರು ಬಜ್ಜಿಯ ತೊಟ್ಟು ಪಕ್ಕಕ್ಕಿಟ್ಟು ಬಹಳ ಹೊತ್ತು ವಿಚಾರ ಮಾಡಿದರು. ‘ಕಾರ್ ಮಾರಿಬಿಡ್ರಿ.’

ನಾನು ಇದನ್ನು ತಮಾಷೆ ಅಂದುಕೊಂಡೆ. ಅಲ್ಲ. ಬೋನಸ್ಸು ಗಾಡಿಯದಲ್ಲ, ಮನುಷ್ಯನದು. ಗಾಡಿ ಮಾರಿದವನಿಗೆ ಕಂಪನಿ ಒಂದು ಕಾಗದ ಕೊಡುತ್ತದೆ, ಈ ಗೃಹಸ್ಥರ ಖಾತೆಯಲ್ಲಿ ಇಷ್ಟು ಪರ್ಸೆಂಟ್ ಇದೆ ಅಂತ. ಆ ಕಾಗದಕ್ಕೆ ಮೂರು ವರ್ಷ ಆಯುಷ್ಯ. ಅಷ್ಟರಲ್ಲಿ ಇನ್ನೊಂದು ಕಾರು ಕೊಂಡರೆ ಅದರ ಮೊದಲ ಕಂತಿನಲ್ಲೇ ರಿಯಾಯಿತಿ ಸಿಗುತ್ತದೆ. ಕಾರಿನದು ಕಾರಿಗೇ; ಬೈಕಿಗೆ ನಡೆಯದು. ಗಂಗಾವತಿಯ ನನ್ನ ಭಾವಮೈದುನ ಇದರಲ್ಲಿ ಪಂಡಿತ. ಭತ್ತದ ರೇಟು ಏರಿದ ವರ್ಷ ಹೊಸ ಗಾಡಿ ತರುತ್ತಾನೆ, ಇಳಿದ ವರ್ಷ ಮಾರುತ್ತಾನೆ. ನಡುವಿನ ಕಾಲದಲ್ಲಿ ಅವನ ಹತ್ತಿರ ಕಾರು ಇರುವುದಿಲ್ಲ. ಕಪಾಟಿನಲ್ಲಿ ಹೊಲದ ಪಹಣಿಯ ಜೊತೆ ಎನ್‌ಸಿಬಿ ಲೆಟರ್ ಇರುತ್ತದೆ. ಬಸ್ಸಿನಲ್ಲಿ ಓಡಾಡುವಾಗಲೂ ಅವನು ಐವತ್ತು ಪರ್ಸೆಂಟಿನ ಮನುಷ್ಯ.

ಸತ್ತರೂ ನಡೆಯುತ್ತದೆ. ಯಜಮಾನ ತೀರಿಕೊಂಡು ಗಾಡಿ ಹೆಂಡತಿಗೋ ಮಕ್ಕಳಿಗೋ ತಂದೆತಾಯಿಗೋ ಹೋದರೆ ಬೋನಸ್ಸೂ ಗಾಡಿಯ ಜೊತೆ ಅವರಿಗೆ ಹೋಗುತ್ತದೆ. ಟಾರಿಫಿನ ನಿಯಮದಲ್ಲೇ ಇದೆ. ಅಂದರೆ ಗಾಡಿ ಮಾರಿದವನಿಗೆ ಮೂರು ವರ್ಷ, ಲೋಕವನ್ನೇ ಬಿಟ್ಟವನಿಗೆ ವಾರಸುದಾರಿಕೆ. ಗಾಡಿಯನ್ನು ಮನೆಯಲ್ಲೇ ಇಟ್ಟುಕೊಂಡು, ಬದುಕಿಯೂ ಇದ್ದು, ಮಗಳ ಬಾಣಂತನಕ್ಕೆ ಹೋದವನಿಗೆ ತೊಂಬತ್ತು ದಿನ! ಯಾವ ಕಲಮು ಎಲ್ಲಿ ಕರುಣೆ ತೋರಿಸುತ್ತದೆ ಎಂದು ಸರಕಾರಿ ನೌಕರಿಯಲ್ಲಿ ಮೂವತ್ತು ವರ್ಷ ಇದ್ದೂ ನನಗೆ ತಿಳಿಯಲಿಲ್ಲ.

‘ಈಗs ಕಟ್ಟಿ ಹೋಗ್ರಲಾ ಸರ, ಸಮಾಧಾನ’ ಅಂದರು ಏಜೆಂಟರು. ಬುದ್ಧಿವಂತರು ಅಲ್ಲೇ ಕಟ್ಟುತ್ತಿದ್ದರು. ನಾನು ಬಜ್ಜಿ ತಿನ್ನುತ್ತಾ ಬುದ್ಧಿವಂತಿಕೆಗಿಂತ ಒಂದು ಕೈ ಮೇಲಿನದನ್ನು ಯೋಚಿಸಿದೆ. ಕಂತು ಕಟ್ಟಿದ ದಿನದಿಂದ ಒಂದು ವರ್ಷ. ಹಾಗಿದ್ದಮೇಲೆ 89ನೆಯ ದಿನ ಕಟ್ಟಿದರೆ? ಬೋನಸ್ಸೂ ಉಳಿಯಿತು, ಮೂರು ತಿಂಗಳ ಕಂತು, ಅಂದರೆ ಸುಮಾರು 1,500 ರೂಪಾಯಿ ಕೂಡ ಉಳಿಯಿತು. ಕಟ್ಟಲು ಈಗ ಊರಲ್ಲೇ ಇರಬೇಕೆಂದೇನೂ ಇಲ್ಲ, ಫೋನಿನಲ್ಲೇ ಆಗುತ್ತದೆ. ಈ ಉಪಾಯವನ್ನು ಯಾರಿಗೂ ಹೇಳದೆ ವಿಮಾನ ಹತ್ತಿದೆ.

ಮೊಮ್ಮಗಳು ಜುಲೈ 19ಕ್ಕೆ ಹುಟ್ಟಿದಳು. ಪಾಲಿಸಿ ಸತ್ತ ಮರುದಿನ. ಹೆಂಡತಿ ಮಗುವಿನ ದಿನ ಎಣಿಸುತ್ತಿದ್ದಳು, ನಾನು ಪಾಲಿಸಿಯ ದಿನ ಎಣಿಸುತ್ತಿದ್ದೆ. ಎರಡೂ ಒಂದೇ ಸಂಖ್ಯೆ. ‘ಇವತ್ತಿಗೆ ಎಷ್ಟಾತು?’ ಅಂತ ಅವಳು ಒಳಗಿಂದ ಕೇಳಿದರೆ ನಾನು ತಡವರಿಸದೆ ಹದಿನೇಳು, ಹದಿನೆಂಟು ಅಂತ ಹೇಳುತ್ತಿದ್ದೆ. ಅಜ್ಜನಿಗೆ ಎಷ್ಟು ಮಾಯೆ ನೋಡು ಅಂತ ತಾಯಿ ಮಗಳು ಮೆಚ್ಚಿಕೊಂಡರು. ನಾನು ಸುಮ್ಮನಿದ್ದೆ.

ನಮ್ಮ ಭಾಷೆಯಲ್ಲಿ ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಪ್ರಬಂಧ ಬರೆಯುವವರಿಗೆ ಇದು ತೊಂದರೆ. ಬರ್ಮಿಂಗ್‌ಹ್ಯಾಮ್ ಅಳಿಯನನ್ನು ಒಂದು ಸಂಜೆ ಕೇಳಿದೆ, ನಿಮ್ಮ ಕಡೆ ಈ ಬೋನಸ್ಸಿನ ಕಥೆ ಏನಪ್ಪಾ ಅಂತ. ಅಲ್ಲಿ ಅದನ್ನು ಪರ್ಸೆಂಟಿನಲ್ಲಿ ಹೇಳುವುದಕ್ಕಿಂತ ವರ್ಷದಲ್ಲಿ ಹೇಳುತ್ತಾರಂತೆ. ನಾಲ್ಕು ವರ್ಷದವನು, ಒಂಬತ್ತು ವರ್ಷದವನು, ಹೀಗೆ. ವಿಮೆ ಬಿಟ್ಟು ಕೂತರೂ ಸಾಮಾನ್ಯವಾಗಿ ಎರಡು ವರ್ಷದ ತನಕ ಲೆಕ್ಕಕ್ಕೆ ಹಿಡಿಯುತ್ತಾರೆ. ಕೇಳಿ ಹೊಟ್ಟೆ ಉರಿಯಿತು. ಆದರೆ ಅಲ್ಲಿ ಇನ್ನೊಂದು ಕಾಟವಿದೆ. 2011ರಿಂದ ಗಾಡಿ ಓಡಲಿ ಬಿಡಲಿ, ವಿಮೆ ಇರಲೇಬೇಕು. ಬೇಡ ಅನ್ನುವವರು ‘ನನ್ನ ಗಾಡಿ ರಸ್ತೆಗೆ ಬರುವುದಿಲ್ಲ’ ಅಂತ ಸರಕಾರಕ್ಕೆ ಬರೆದುಕೊಡಬೇಕು. ಅದಕ್ಕೆ ಸಾರ್ನ್ ಅನ್ನುತ್ತಾರೆ. ಬೇವಿನ ಗಿಡದ ಕೆಳಗೆ ನಿಂತಿದೆ ಅಂತ ಲಂಡನ್ನಿಗೆ ತಿಳಿಸುವ ಕೆಲಸ ಅಂದುಕೊಳ್ಳಿ. ಮನೆಯಲ್ಲಿ ಗಾಡಿ ಮಲಗಿಸಲೂ ಅರ್ಜಿ!

ಅಳಿಯ ಬೆಂಗಳೂರಿನಲ್ಲಿ ಗಳಿಸಿದ್ದ ಬೋನಸ್ಸಿನ ಕಾಗದವನ್ನು ಅಲ್ಲಿಗೆ ಒಯ್ದಿದ್ದನಂತೆ. ಅಲ್ಲಿನ ಎಷ್ಟೋ ಕಂಪನಿಗಳು ಪರದೇಶದ ಅನುಭವವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಸೊನ್ನೆಯಿಂದ ಶುರು ಮಾಡಿದ. ನಮ್ಮ ಟಾರಿಫಿನಲ್ಲಿ ಮಾತ್ರ, ಪರದೇಶದಲ್ಲಿ ಗಳಿಸಿಕೊಂಡು ಬಂದವರಿಗೆ ಅಲ್ಲಿನ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ತಗೊಂಡರೆ ಮಾನ್ಯ ಮಾಡುವ ಅವಕಾಶವಿದೆ. ಅತಿಥಿಗೆ ಮೊದಲು ಬಡಿಸಿ ಮನೆಯವರು ಆಮೇಲೆ ಉಣ್ಣುವ ನಮ್ಮ ಪದ್ಧತಿ ವಿಮೆಯವರಿಗೂ ಗೊತ್ತಿದೆ ಅಂತಾಯಿತು.

ಮಗುವಿನ ಇಪ್ಪತ್ತನಾಲ್ಕನೆಯ ದಿನ ಬೆಳಿಗ್ಗೆ ಭಾವಮೈದುನನ ಫೋನು ಬಂತು. ಆಗಸ್ಟ್ 11. ‘ಮಾಮಾ, ಡ್ಯಾಮಿನ ಗೇಟ್ ಹೋತ್ರಿ.’ ಹಿಂದಿನ ರಾತ್ರಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಗಿತ್ತು. ಡ್ಯಾಮು ತುಂಬಿತ್ತು. ಗಂಗಾವತಿಯ ಮನುಷ್ಯನಿಗೆ ಆ ನೀರು ಅಂದರೆ ಪಗಾರ, ಪಿಂಚಣಿ, ಮಗಳ ಮದುವೆ, ಎಲ್ಲ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಒಟ್ಟು 33 ಗೇಟುಗಳಲ್ಲಿ ಒಂದು. 1953ರಲ್ಲಿ ಮುಗಿದ ಅಣೆಕಟ್ಟು, ಎಪ್ಪತ್ತು ವರ್ಷ ನಿಂತದ್ದು. ನಾವು ಮುನಿರಾಬಾದಿನ ಮೇಲೆ ಹಾದುಹೋಗುವಾಗ ಒಮ್ಮೆಯಾದರೂ ಆ ಚೈನುಗಳ ಬಗ್ಗೆ ಯೋಚಿಸಿದ್ದೇವೆಯೇ? ಮಕ್ಕಳಿಗೆ ನೀರು ತೋರಿಸಿದೆವು, ಹೂದೋಟ ತೋರಿಸಿದೆವು. ಚೈನು ತನ್ನ ಪಾಡಿಗೆ ತಾನು ಹಿಡಿದುಕೊಂಡಿತ್ತು.

ಆಮೇಲೆ ಒಂದು ವಾರ ಆ ಮನೆಯಲ್ಲಿ ಮಗುವಿನ ಅಳು, ಟಿವಿಯ ಕನ್ನಡ ಸುದ್ದಿ ಎರಡೇ. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ತೂತು ಮುಚ್ಚಿದರಲ್ಲ, ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರು ಮುಂದೆ ನಿಂತು ಮಾಡಿಸಿದ್ದು, ಅದನ್ನು ನೋಡಿ ನನ್ನ ಹೆಂಡತಿ ಬರ್ಮಿಂಗ್‌ಹ್ಯಾಮಿನಿಂದಲೇ ಹುಲಿಗೆಮ್ಮನಿಗೆ ಕೈ ಮುಗಿದಳು. ಭಾವಮೈದುನನ ದನಿಗೂ ಸ್ವಲ್ಪ ಜೀವ ಬಂತು. ನನಗೆ ಮಾತ್ರ ಆ 89ನೆಯ ದಿನದ ಉಪಾಯ ರಾತ್ರಿ ಹೊತ್ತು ಹೊಟ್ಟೆಯಲ್ಲಿ ಕಿವುಚತೊಡಗಿತು. ಬೇವಿನ ಗಿಡಕ್ಕೆ ಒಂದು ಒಣ ಟೊಂಗೆ ಇತ್ತು. ಹೊರಡುವ ಮುಂಚೆ ಕಡಿಸಬೇಕು ಅಂದುಕೊಂಡಿದ್ದೆ. ಈಗ ಕಾರಿಗೆ ವಿಮೆ ಇಲ್ಲ. ಬೆಂಕಿ, ಕಳವು, ಟೊಂಗೆ ಯಾವುದು ಬಂದರೂ ನನ್ನದೇ. ಆದರೂ ಕಟ್ಟಲಿಲ್ಲ ನೋಡಿ. ಇಷ್ಟು ದಿನ ಕಾದದ್ದು ದಂಡವಾಗುತ್ತದಲ್ಲ ಎಂಬ ಹಟ.

ಸೆಪ್ಟೆಂಬರ್ ಕಳೆಯಿತು. ಮಗು ನಗುವುದು ಕಲಿಯಿತು. 90ನೆಯ ದಿನ ಅಕ್ಟೋಬರ್ 16ಕ್ಕೆ ಬೀಳುತ್ತಿತ್ತು. ಅಕ್ಟೋಬರ್ 11 ಆಯುಧ ಪೂಜೆ, 85ನೆಯ ದಿನ. ಕಾರಿಗೆ ಪೂಜೆ ಮಾಡಪ್ಪಾ ಅಂತ ಕೊಪ್ಪಳದ ಅಳಿಯನಿಗೆ, ಅದೇ ಸಿಕ್ಸರಿನವನಿಗೆ, ಫೋನು ಮಾಡಿದೆ. ಈಗ ಅವನು ಇಪ್ಪತ್ತೆರಡರ ಹುಡುಗ, ಬೀಗದ ಕೈ ಅವನ ಹತ್ತಿರವೇ. ಬ್ಯಾಟರಿ ಕೂರದಂತೆ ವಾರಕ್ಕೊಮ್ಮೆ ಚಾಲೂ ಮಾಡಿ ಹತ್ತು ನಿಮಿಷ ಬಿಡು, ಗೇಟು ದಾಟಿಸಬೇಡ ಅಂತ ಹೇಳಿ ಬಂದಿದ್ದೆ. ‘ಹೂಂ ಮಾಮಾ’ ಅಂದಿದ್ದ.

ಪೂಜೆಯ ಜೊತೆಗೇ ವಿಮೆಯೂ ಆಗಲಿ ಅಂತ ಅದೇ ದಿನ ಫೋನಿನಲ್ಲಿ ಕಟ್ಟಲು ಕೂತೆ. ಎಲ್ಲ ತುಂಬಿದೆ, ಒತ್ತಿದೆ. ಹಣ ತಗೊಳ್ಳಲಿಲ್ಲ. ಪಾಲಿಸಿ ತುಂಡಾಗಿದೆ, ಮೊದಲು ಗಾಡಿಯ ತಪಾಸಣೆ ಆಗಬೇಕು ಅಂತ ಬಂತು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಖಜಾನೆಯಲ್ಲಿ ಇದ್ದಾಗ ಎಷ್ಟು ಜನರ ಬಿಲ್ಲನ್ನು ಹೀಗೆ ಕೊನೆಯ ಗಳಿಗೆಯಲ್ಲಿ ತಿರುಗಿ ಕಳಿಸಿದ್ದೆನೋ, ಅವರೆಲ್ಲರ ಮುಖ ಕಣ್ಣ ಮುಂದೆ ಬಂತು. ಏಜೆಂಟರಿಗೆ ಫೋನು. ‘ಗಾಬರಿ ಆಗಬ್ಯಾಡ್ರಿ ಸರ. ಗಾಡಿ ಸುತ್ತ ವಿಡಿಯೋ ಮಾಡಿ ಕಳಸಾಕ ಹೇಳ್ರಿ ನಿಮ್ಮ ಅಳಿಯಗ. ಅವರು ನೋಡಿ ಪಾಸ್ ಮಾಡ್ತಾರ.’

ಅಳಿಯ ವಿಡಿಯೋ ಮಾಡಿದ. ಬಟ್ಟೆ ತೆಗೆದಾಗ ಚೆಂಡು ಹೂವಿನ ಹಾರ, ಕುಂಕುಮ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಹಾರ ತೆಗೆದು ಇನ್ನೊಮ್ಮೆ ಮಾಡು ಅಂದರಂತೆ, ಹಾರದ ಹಿಂದೆ ಗಾಯ ಅಡಗಿರಬಹುದು ಅಂತ. ಎರಡನೆಯ ಸಲ ಗಾಡಿಯ ಕೆಳಗಿಂದ ನಾಯಿ ಮತ್ತು ಅದರ ಐದು ಮರಿ ಹೊರಗೆ ಬಂದವು. ಅಲ್ಲೂ ಬಾಣಂತನ. ಮೂರನೆಯ ವಿಡಿಯೋ ನಡೆಯಿತು.

ಮರುದಿನ ದಸರೆ. ಸಂಜೆ ಫೋನಿಗೆ ತಪಾಸಣೆಯ ವರದಿ ಬಂತು. ಗಾಡಿಯ ನಾಲ್ಕೂ ಮಗ್ಗುಲಿನ ಫೋಟೋ, ಫೋಟೋದ ಮೇಲೆ ಕೆಂಪು ಬಾಣದ ಗುರುತು. ಗುರುತು ಹಾಕಿದ ಕಡೆಗಳು ಹಳೆಯ ಗಾಯ, ಇವುಗಳ ಮೇಲೆ ಮುಂದೆ ಕ್ಲೇಮ್ ನಡೆಯುವುದಿಲ್ಲ ಅಂತ ಕೆಳಗೆ ಟಿಪ್ಪಣಿ. ಹದಿಮೂರು ವರ್ಷ ಕ್ಲೇಮ್ ಮಾಡದೆ ಕೂಡಿಟ್ಟದ್ದನ್ನು ಒಂದೇ ಹಾಳೆಯಲ್ಲಿ ಬರೆದು ಮೊಹರು ಹಾಕಿ ಕೊಟ್ಟಿದ್ದರು. ಅದರ ಕೆಳಗೆ ಪ್ರೀಮಿಯಮ್ ಲೆಕ್ಕ. ಎನ್‌ಸಿಬಿ 50. ಉಳಿದಿತ್ತು! ಅಲ್ಲೇ ಹಣ ಕಟ್ಟಿದೆ. 86ನೆಯ ದಿನ.

ಖುಷಿಗೆ ಹೆಂಡತಿಯನ್ನು ಕರೆದೆ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು, ಅಲ್ಲೇ ಫೋನು ಹಿಡಿದು ತೋರಿಸಿದೆ. ಫೋಟೋ ಸರಿಸಿದಂತೆ ಅವಳು ಗುರುತು ಹಿಡಿಯುತ್ತಾ ಹೋದಳು. ‘ಇದು ಗವಿಮಠದ್ದು. ಅವತ್ತು ಜಾತ್ರ್ಯಾಗ ಜಿಲೇಬಿ ಉಂಡು ಬಂದ್ವಿ ನೋಡ್ರಿ. ಇದು ಬೀಗರ ಮುಂದ ಮರ್ಯಾದಿ ಹೋದದ್ದು. ಇದು ನಮ್ಮ ಗೇಟು, ನಾ ಬ್ಯಾಡ ಬ್ಯಾಡ ಅಂದ್ರೂ ತಿರಿವಿದ್ರಿ. ಇದು ಹನಮಪ್ಪಂದು.’ ಮಗು ಬೊಚ್ಚು ಬಾಯಿ ತೆರೆದು ಎಲ್ಲವನ್ನೂ ಕೇಳುತ್ತಿತ್ತು. ಎಂಟಕ್ಕೆ ಎಂಟೂ ಹೇಳಿದಳು.

ಬಾಣ ಒಂಬತ್ತಿದ್ದವು.

ಒಂಬತ್ತನೆಯದು ಎಡಗಡೆ ಹಿಂದಿನ ಬಾಗಿಲಿನ ಕೆಳಗೆ, ಒಂದು ಗೇಣುದ್ದ, ಒಳಗೆ ತಗ್ಗಿತ್ತು. ಫೋಟೋ ದೊಡ್ಡದು ಮಾಡಿ ನೋಡಿದೆ. ಗಾಯ ಹೊಸದು, ತುಕ್ಕಿನ್ನೂ ಹಿಡಿದಿರಲಿಲ್ಲ. ಅದರೊಳಗೆ ಒಂದಿಷ್ಟು ನೀಲಿ ಬಣ್ಣ. ನಮ್ಮ ಗೇಟಿನ ಬಣ್ಣ ಹಸಿರು. ನಮ್ಮ ಓಣಿಯಲ್ಲಿ ನೀಲಿ ಬಣ್ಣದ್ದು ಏನೂ ಇಲ್ಲ.

ಫೋನು ಹಚ್ಚಿದೆ. ಅಲ್ಲಿ ರಾತ್ರಿ ಹತ್ತಾಗಿತ್ತು. ಬನ್ನಿ ಕೊಟ್ಟು ಬಂದು ಮಲಗಿದ್ದವನು ಎದ್ದ.

‘ಏನಪಾ, ಎಡಗಡೆ ಹಿಂದಿನ ಬಾಗಲಾ…’

‘ಅದು ಮದಲs ಇತ್ತಲ್ರೀ ಮಾಮಾ.’

ನಾನು ಇನ್ನೂ ಪೂರ್ತಿ ಕೇಳಿರಲಿಲ್ಲ. ಹಿಂದೆ ನಾಯಿಮರಿ ಕುಂಯ್‌ಗುಡುವುದು ಕೇಳಿಸಿತು. ಆ ದಿನಗಳಲ್ಲಿ ಗಾಡಿಗೆ ವಿಮೆ ಇರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ. ಹೆಂಡತಿ ಎಣ್ಣೆಯ ಕೈಯಲ್ಲೇ ಏನಂತ ಸನ್ನೆ ಮಾಡಿ ಕೇಳಿದಳು.

‘ಹೌದಲ್ಲೋ, ಇತ್ತು’ ಅಂದೆ. ‘ನಾನs ಮರ್ತಿದ್ದೆ. ನಾಯಿಗೆ ಹಾಲು ಹಾಕು.’